ಕೆಲಸ ಹೋಗಿಲ್ಲ, ಬೇರೆ ಆಗಿದೆ. ಮುಂದೆ ಪೂರ್ತಿ ಹೋಗುತ್ತಾ?

ಕರಡು ತಿದ್ದುವವಳು

ಹದಿನಾಲ್ಕು ವರ್ಷದಿಂದ ಅನುವಾದವೇ ನನ್ನ ಕಸುಬು. ಕಥೆ, ಕವಿತೆ ಅಲ್ಲ. ಯಂತ್ರದ ಜೊತೆ ಬರುವ ಕೈಪಿಡಿ, ವಿಮೆಯ ಷರತ್ತು, ಮಾತ್ರೆ ಡಬ್ಬಿಯೊಳಗೆ ಮಡಚಿಟ್ಟ ಚೀಟಿ. ಸಾಮಾನ್ಯವಾಗಿ ಯಾರೂ ಓದುವುದಿಲ್ಲ, ಎಡವಟ್ಟಾದ ದಿನ ಎಲ್ಲರೂ ಓದುತ್ತಾರೆ.

ಮೊದಲು ಮೂಲ ಕಳಿಸುತ್ತಿದ್ದರು, ನಾನು ಬರೆದು ಕೊಡುತ್ತಿದ್ದೆ. ಮೂರು ವರ್ಷದಿಂದ ಮೂಲದ ಜೊತೆ ಯಂತ್ರ ಮಾಡಿದ ಅನುವಾದವೂ ಬರುತ್ತಿದೆ. "ಸುಮ್ನೆ ಒಮ್ಮೆ ಕಣ್ಣಾಡಿಸಿಬಿಡಿ ಮೇಡಂ" ಅನ್ನುತ್ತಾರೆ. ದರ ಮಾತ್ರ ಅರ್ಧ.

ನಿಜ ಹೇಳಬೇಕೆಂದರೆ ಹತ್ತು ಪುಟ ಚೆನ್ನಾಗಿಯೇ ಇರುತ್ತದೆ. ಹನ್ನೊಂದನೇ ಪುಟದಲ್ಲಿ "ತೆಗೆದುಕೊಳ್ಳಬಾರದು" ಅನ್ನುವುದು "ತೆಗೆದುಕೊಳ್ಳಬಹುದು" ಆಗಿರುತ್ತದೆ. ಹಿಂದೆ ಯಂತ್ರದ ಕನ್ನಡ ಕೆಟ್ಟದಾಗಿರುತ್ತಿತ್ತು, ತಪ್ಪಿದ ಕಡೆ ಕಣ್ಣು ತಾನೇ ನಿಲ್ಲುತ್ತಿತ್ತು. ಈಗ ಕನ್ನಡ ಸರಿಯಾಗಿದೆ, ಮಾತು ತಪ್ಪು. ಓದುತ್ತಾ ಹೋದರೆ ಎಲ್ಲೂ ಎಡವುವುದಿಲ್ಲ. ಅದೇ ಕಷ್ಟ. ಪ್ರತಿ ಸಾಲನ್ನೂ ಮೂಲದ ಪಕ್ಕ ಇಟ್ಟು ನೋಡಬೇಕು. ಅಂದರೆ ನಾನು ಮೊದಲಿನಷ್ಟೇ ಕೆಲಸ ಮಾಡುತ್ತಿದ್ದೇನೆ, ಅದಕ್ಕೆ "ಕಣ್ಣಾಡಿಸುವುದು" ಅಂತ ಹೆಸರು ಬದಲಾಗಿದೆ.

ಎಲ್ಲಿ ನೋಡಿದರೂ ಎರಡೇ ಮಾತು. ಒಂದು, ಇನ್ನೇನು ಎಲ್ಲರ ಕೆಲಸವೂ ಹೋಯಿತು. ಇನ್ನೊಂದು, ಹಳೇದು ಹೋದರೆ ಹೊಸದು ಬರುತ್ತೆ ಬಿಡಿ. ನನಗೆ ಆಗಿರುವುದು ಎರಡೂ ಅಲ್ಲ. ನಿಮ್ಮ ನಿಮ್ಮ ಕೆಲಸದಲ್ಲಿ ಏನಾಗಿದೆ, ಹೇಳಿ.


ಅಂಕಿಅಂಶ

ಮೇಡಂ, ನಿಮ್ಮ ಕಷ್ಟ ಅರ್ಥವಾಗುತ್ತದೆ. ಆದರೆ ಈ ಭಯ ತುಂಬಾ ಹಳೇದು. 1811ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಸುತ್ತ ಕಾಲುಚೀಲ ಹೆಣೆಯುವ ಯಂತ್ರಗಳನ್ನು ರಾತ್ರಿ ಹೊತ್ತು ಒಡೆಯಲು ಶುರು ಮಾಡಿದರು. ಲಡೈಟ್‌ಗಳು ಅಂತ ಹೆಸರು ಬಂತು. ಮರುವರ್ಷವೇ ಅಲ್ಲಿನ ಸರ್ಕಾರ ಯಂತ್ರ ಒಡೆಯುವುದಕ್ಕೆ ಮರಣದಂಡನೆಯ ಕಾನೂನು ಮಾಡಿತು. ಕೆಲಸ ಮುಗಿದೇ ಹೋಗುತ್ತದೆ ಅಂತ ಆಗಲೂ ಅಂದುಕೊಂಡಿದ್ದರು. ಮುಗಿಯಲಿಲ್ಲ ಅಲ್ವಾ?

ಹತ್ತಿರದ ಉದಾಹರಣೆ ಬೇಕೆಂದರೆ ಎಟಿಎಂ. ಅಮೆರಿಕದಲ್ಲಿ ಎಟಿಎಂ ಬಂದಾಗ ಬ್ಯಾಂಕಿನ ಕ್ಯಾಷಿಯರ್‌ಗಳ ಕಥೆ ಮುಗಿಯಿತು ಅಂದರು. ಜೇಮ್ಸ್ ಬೆಸೆನ್ ಅನ್ನುವ ಅರ್ಥಶಾಸ್ತ್ರಜ್ಞ ಲೆಕ್ಕ ತೆಗೆದು ನೋಡಿದರು. ಒಂದು ಶಾಖೆಗೆ ಬೇಕಾದ ಕ್ಯಾಷಿಯರ್‌ಗಳು 20ರಿಂದ 13ಕ್ಕೆ ಇಳಿದಿದ್ದರು. ಶಾಖೆ ನಡೆಸುವ ಖರ್ಚು ಕಡಿಮೆಯಾದ್ದರಿಂದ ಬ್ಯಾಂಕುಗಳು ಹೊಸ ಶಾಖೆ ತೆರೆದವು. ಒಟ್ಟು ಕ್ಯಾಷಿಯರ್‌ಗಳ ಸಂಖ್ಯೆ ಕಡಿಮೆಯಾಗಲಿಲ್ಲ, ಸ್ವಲ್ಪ ಹೆಚ್ಚೇ ಆಯಿತು. ಯಂತ್ರ ಕೆಲಸದ ಒಂದು ತುಂಡನ್ನು ತಿನ್ನುತ್ತದೆ, ಇಡೀ ಕೆಲಸವನ್ನಲ್ಲ.


ಸುಮ್ನೆ ಓದುಗ

ಅದೇ ಬೆಸೆನ್ ಇನ್ನೊಂದು ಮಜಾ ಲೆಕ್ಕ ಹೇಳಿದ್ದಾರೆ. 1950ರ ಅಮೆರಿಕದ ಜನಗಣತಿಯಲ್ಲಿದ್ದ 270 ಕಸುಬುಗಳಲ್ಲಿ 2010ರ ಹೊತ್ತಿಗೆ ಯಾಂತ್ರೀಕರಣದಿಂದಲೇ ಪೂರ್ತಿ ಕಾಣೆಯಾದದ್ದು ಒಂದೇ ಒಂದು: ಲಿಫ್ಟ್ ಆಪರೇಟರ್. ಈಗ ಆ ಕೆಲಸ ನಾವೇ ಮಾಡುತ್ತೇವೆ. ಬಟನ್ ಒತ್ತುತ್ತೇವೆ, ಸಂಬಳ ಇಲ್ಲ.


ಮೂರನೇ ಬೆಂಚು

ಅಂಕಿಅಂಶ ಅವರೇ, ಇತಿಹಾಸ ಪಾಠ ಮಾಡುವವನಾಗಿ ಒಂದು ಮಾತು. "ಮುಗಿಯಲಿಲ್ಲ" ಅನ್ನುವುದು ಇನ್ನೂರು ವರ್ಷ ಆಚೆ ನಿಂತು ನೋಡಿದಾಗ ಸುಲಭ. ಬ್ರಿಟನ್ನಿನಲ್ಲಿ 1820ರ ಆಸುಪಾಸಿನಲ್ಲಿ ಹತ್ತಿ ಬಟ್ಟೆಯ ಕೈಮಗ್ಗ ನೇಕಾರರು 2 ಲಕ್ಷಕ್ಕೂ ಹೆಚ್ಚಿದ್ದರು. ಮೂವತ್ತು ವರ್ಷದಲ್ಲಿ 50 ಸಾವಿರಕ್ಕೂ ಕೆಳಗೆ ಇಳಿದರು. ಎಲ್ಲರೂ ಗಿರಣಿಗೆ ಸೇರಲಿಲ್ಲ. ಗಿರಣಿಗೆ ಬೇಕಾಗಿದ್ದದ್ದು ಕಡಿಮೆ ಕೂಲಿಯ ಹೆಂಗಸರು, ಮಕ್ಕಳು. ನಲವತ್ತು ದಾಟಿದ ನೇಕಾರ ಕೂಲಿ ಇಳಿಸಿಕೊಂಡು ಇಳಿಸಿಕೊಂಡು ಮಗ್ಗದ ಮೇಲೆಯೇ ಸವೆದ.

ರಾಬರ್ಟ್ ಅಲೆನ್ ಅನ್ನುವ ಇತಿಹಾಸಕಾರ ಇದಕ್ಕೆ "ಎಂಗೆಲ್ಸ್ ವಿರಾಮ" ಅಂತ ಹೆಸರಿಟ್ಟರು. ಸುಮಾರು 1790ರಿಂದ 1840ರವರೆಗೆ ಒಬ್ಬೊಬ್ಬ ಕೆಲಸಗಾರನಿಂದ ಬರುವ ಉತ್ಪಾದನೆ ಏರುತ್ತಾ ಹೋಯಿತು, ಕೂಲಿ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಐವತ್ತು ವರ್ಷ ಅಂದರೆ ಒಬ್ಬ ಮನುಷ್ಯನ ಪೂರ್ತಿ ದುಡಿಮೆಯ ಬದುಕು. ಆಮೇಲೆ ಎಲ್ಲ ಸರಿಹೋಯಿತು ಅಂತ ಅವನಿಗೆ ಹೇಳುವವರು ಯಾರು?

ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ ಮೊದಲು ನಿಮ್ಮ ಹಾಗೇ ಯಂತ್ರದಿಂದ ಎಲ್ಲರಿಗೂ ಒಳ್ಳೆಯದು ಅಂತಿದ್ದವನು. 1821ರಲ್ಲಿ ತನ್ನ ಪುಸ್ತಕದ ಮೂರನೇ ಆವೃತ್ತಿಗೆ ಯಂತ್ರಗಳ ಬಗ್ಗೆ ಹೊಸ ಅಧ್ಯಾಯ ಸೇರಿಸಿ, ನನ್ನ ಅಭಿಪ್ರಾಯ ಬದಲಾಗಿದೆ, ಯಂತ್ರದಿಂದ ಕೂಲಿಕಾರರಿಗೆ ಹಾನಿಯಾಗಬಹುದು ಅಂತ ಬರೆದ. ಅಷ್ಟು ದೊಡ್ಡ ಮನುಷ್ಯ ತನ್ನದೇ ಪುಸ್ತಕದಲ್ಲಿ ತಪ್ಪು ಒಪ್ಪಿಕೊಂಡದ್ದು ನನಗೆ ಯಾವಾಗಲೂ ಇಷ್ಟ.


ಹಳೇ ಟರ್ನರ್

ನಾನು ಲೋಹ ಕಡೆಯುವ ಲೇತ್ ಮುಂದೆ ಮೂವತ್ತೆಂಟು ವರ್ಷ ನಿಂತವನು, ಈಗ ನಿವೃತ್ತ. ನಮ್ಮ ಶಾಪ್‌ನಲ್ಲಿ ಹನ್ನೆರಡು ಲೇತ್, ಹನ್ನೆರಡು ಟರ್ನರ್ ಇದ್ದೆವು. ಕಂಪ್ಯೂಟರ್ ಹೇಳಿದಂತೆ ಕಡೆಯುವ ಸಿಎನ್‌ಸಿ ಯಂತ್ರ ನಾಲ್ಕು ಬಂದವು. ಇಬ್ಬರು ಆಪರೇಟರ್, ಯಂತ್ರ ಹೊಂದಿಸಿಕೊಡುವ ಒಬ್ಬ ಸೆಟ್ಟರ್ ಸಾಕಾಯಿತು. ಆ ಸೆಟ್ಟರ್ ನಾನು. ಆದ್ದರಿಂದ ನನಗೆ ಸಿಎನ್‌ಸಿ ಮೇಲೆ ಸಿಟ್ಟಿಲ್ಲ. ಸಂಬಳ ಜಾಸ್ತಿ ಆಯಿತು, ಬೆನ್ನುನೋವು ಕಡಿಮೆ ಆಯಿತು.

ಆದರೆ ಕರಡು ಮೇಡಂ ಹೇಳಿದ್ದನ್ನು ನಾನು ಬೇರೆ ರೀತಿ ನೋಡಿದ್ದೇನೆ. ಟೂಲ್ ಮೊಂಡಾಗುತ್ತಿದ್ದರೆ ಶಬ್ದ ಬದಲಾಗುತ್ತದೆ. ಬಾಗಿಲು ಮುಚ್ಚಿ ಕೂಲೆಂಟ್ ಸುರಿಯುತ್ತಿದ್ದರೂ ನನಗೆ ಆಚೆಯಿಂದ ಗೊತ್ತಾಗುತ್ತಿತ್ತು. ಹೇಗೆ ಅಂತ ಕೇಳಿದರೆ ಹೇಳಲು ಬರುವುದಿಲ್ಲ. ಕೈ ಹಾಕಿ ಹ್ಯಾಂಡಲ್ ತಿರುಗಿಸಿ ಸಾವಿರಾರು ಜಾಬ್ (ಕಡೆಯಲು ಕೊಟ್ಟ ಲೋಹದ ತುಂಡು) ಹಾಳು ಮಾಡಿದವನಿಗೆ ಅದು ಬರುತ್ತದೆ.

ಹೊಸ ಹುಡುಗರು ಬುದ್ಧಿವಂತರು, ನನಗಿಂತ ಓದಿದವರು. ಆದರೆ ಅವರು ಲೇತ್ ಓಡಿಸಿಲ್ಲ. ಅಳತೆ 20 ಮೈಕ್ರಾನ್ ಆಚೆ ಹೋದರೆ ಆಫ್‌ಸೆಟ್, ಅಂದರೆ ಟೂಲಿನ ಸ್ಥಾನ ತಿದ್ದುವ ಅಂಕಿ, ಬದಲಿಸುತ್ತಾರೆ. ಮತ್ತೆ ಹೋದರೆ ಮತ್ತೆ ಬದಲಿಸುತ್ತಾರೆ. ಅಳತೆ ಯಾಕೆ ಓಡುತ್ತಿದೆ ಅಂತ ಕೇಳುವುದಿಲ್ಲ. ಕೊನೆಗೆ ಟೂಲ್ ಮುರಿದು ಜಾಬೂ ಹೋಗುತ್ತದೆ. ತಪ್ಪು ಅವರದಲ್ಲ. ಸೆಟ್ಟರ್ ಆಗಬೇಕಾದರೆ ಮೊದಲು ಟರ್ನರ್ ಆಗಿರಬೇಕು, ಟರ್ನರ್ ಕೆಲಸವೇ ಈಗ ಇಲ್ಲ. ಏಣಿಯ ಕೆಳಗಿನ ಮೆಟ್ಟಿಲು ಕಿತ್ತು ಮೇಲಕ್ಕೆ ಹತ್ತು ಅಂದ ಹಾಗೆ.

ನನ್ನ ನಂತರ ಸೆಟ್ಟರ್ ಯಾರು ಅಂತ ಮಾಲೀಕರು ಕೇಳಿದ್ದು ನಾನು ಬಿಡುವ ತಿಂಗಳು.


ಕೋಡು ಮೂಡಿದವ

ಟರ್ನರ್ ಸರ್, ಇದು ನಮ್ಮ ಕಡೆ ಈಗ ನಡೆಯುತ್ತಿರುವ ಕಥೆ. ನಾನು ಸಾಫ್ಟ್‌ವೇರ್‌ನಲ್ಲಿದ್ದೇನೆ. ಮೊದಲು ಹೊಸಬರಿಗೆ ಸಣ್ಣ ಸಣ್ಣ ಬಗ್, ಅಂದರೆ ಪ್ರೋಗ್ರಾಮಿನ ತಪ್ಪು, ಸರಿಮಾಡಲು ಕೊಡುತ್ತಿದ್ದೆವು. ಅವರು ಒಂದು ವಾರ ಒದ್ದಾಡುತ್ತಿದ್ದರು, ನಾವು ಮಾಡಿದ್ದರೆ ಒಂದು ಗಂಟೆ. ಆ ಒಂದು ವಾರ ವ್ಯರ್ಥ ಅಂತ ಎಲ್ಲರಿಗೂ ಅನಿಸುತ್ತಿತ್ತು. ಈಗ ಆ ಬಗ್‌ಗಳನ್ನು ಎಐ ಹತ್ತು ನಿಮಿಷದಲ್ಲಿ ಮುಗಿಸುತ್ತದೆ, ನಾನು ನೋಡಿ ಒಪ್ಪಿಗೆ ಕೊಡುತ್ತೇನೆ. ಹೊಸಬರನ್ನು ತೆಗೆದುಕೊಳ್ಳುವುದು ನಮ್ಮ ತಂಡದಲ್ಲಿ ನಿಂತೇ ಹೋಗಿದೆ. ಯಾರನ್ನೂ ಕೆಲಸದಿಂದ ತೆಗೆದಿಲ್ಲ. ಆದ್ದರಿಂದ ಯಾವ ಲೆಕ್ಕದಲ್ಲೂ ಇದು "ಕೆಲಸ ಹೋಯಿತು" ಅಂತ ಕಾಣುವುದಿಲ್ಲ.

ಅಂಕಿಅಂಶ ಅವರಿಗೆ ಇನ್ನೊಂದು ಮಾತು. ಎಟಿಎಂ ಕಥೆಯ ಉತ್ತರಾರ್ಧ ಬಿಟ್ಟಿರಿ. 2010ರ ನಂತರ ಮೊಬೈಲ್ ಬ್ಯಾಂಕಿಂಗ್ ಬಂದ ಮೇಲೆ ಅದೇ ಕ್ಯಾಷಿಯರ್‌ಗಳ ಸಂಖ್ಯೆ ಇಳಿಯುತ್ತಾ ಬಂದಿದೆ. ಎಟಿಎಂ ಇದ್ದಾಗ ಶಾಖೆ ಬೇಕಿತ್ತು, ಫೋನ್ ಬಂದ ಮೇಲೆ ಶಾಖೆಯೇ ಬೇಡ.

ನನಗೆ ಕಾಡುವುದು ಕುದುರೆ. ವಾಸಿಲಿ ಲಿಯಾಂಟಿಯೆಫ್ ಅನ್ನುವ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ಈ ಹೋಲಿಕೆ ಕೊಟ್ಟವರು. ರೈಲು ಬಂದಾಗ ಕುದುರೆಗೆ ಕೆಲಸ ಕಡಿಮೆಯಾಗಲಿಲ್ಲ, ಜಾಸ್ತಿಯೇ ಆಯಿತು. ಯಾಕಂದರೆ ಸ್ಟೇಷನ್‌ನಿಂದ ಮನೆಗೆ ಸಾಮಾನು ಎಳೆಯಲು ಕುದುರೆಯೇ ಬೇಕು. ಸುಮಾರು 1915ರಲ್ಲಿ ಅಮೆರಿಕದಲ್ಲಿ ಕುದುರೆ, ಹೇಸರಗತ್ತೆ ಸೇರಿ 2.5 ಕೋಟಿಗೂ ಹೆಚ್ಚಿದ್ದವು. ಆಮೇಲೆ ಟ್ರಕ್, ಟ್ರ್ಯಾಕ್ಟರ್ ಬಂದವು. 1960ರ ಹೊತ್ತಿಗೆ ಸುಮಾರು 30 ಲಕ್ಷ. ಐವತ್ತು ವರ್ಷ "ನಮಗೇನೂ ಆಗಲಿಲ್ಲ" ಅಂತ ಕುದುರೆ ಹೇಳಬಹುದಿತ್ತು. ಐವತ್ತೊಂದನೇ ವರ್ಷ ಹೇಳಲು ಅದೇ ಇರಲಿಲ್ಲ.


ಅಂಕಿಅಂಶ

ಉತ್ತರಾರ್ಧ ಬಿಟ್ಟದ್ದು ನನ್ನ ತಪ್ಪು, ಒಪ್ಪಿದೆ. ಆದರೆ ಕುದುರೆಗೆ ಎಳೆಯುವುದೊಂದೇ ಕೆಲಸ. ಮನುಷ್ಯನಿಗೆ ಹಾಗಲ್ಲ. ಮತ್ತೆ, ಕುದುರೆ ಗಾಡಿ ಕೊಳ್ಳುವುದಿಲ್ಲ. ಮನುಷ್ಯ ಮಾಡುವವನೂ ಹೌದು, ಕೊಳ್ಳುವವನೂ ಹೌದು. ಅಗ್ಗವಾದರೆ ಇನ್ನಷ್ಟು ಬೇಕು ಅನ್ನುತ್ತಾನೆ. ಕಡಿಮೆ ಕಲ್ಲಿದ್ದಲಲ್ಲಿ ಹೆಚ್ಚು ಕೆಲಸವಾದಷ್ಟೂ ಅದರ ಒಟ್ಟು ಬಳಕೆ ಹೆಚ್ಚುತ್ತದೆ ಅಂತ ಅರ್ಥಶಾಸ್ತ್ರಜ್ಞ ವಿಲಿಯಂ ಜೆವೊನ್ಸ್ 1865ರಲ್ಲೇ ಹೇಳಿದ್ದ.


ಕೋಡು ಮೂಡಿದವ

ಕಲ್ಲಿದ್ದಲ ಬಳಕೆ ಹೆಚ್ಚಿತು ಸರಿ. ಅಗೆಯುವವನ ಸುಖ ಹೆಚ್ಚಿತಾ?


ರಾತ್ರಿ ಪಾಳಿ

ನಾನು ನರ್ಸ್. ನಮ್ಮ ಕೆಲಸ ಯಂತ್ರಕ್ಕೆ ಹೋಗುವುದೇ ಇಲ್ಲ ಅಂತ ಎಲ್ಲರೂ ಸಮಾಧಾನ ಹೇಳುತ್ತಾರೆ. ಭಾಗಶಃ ನಿಜ. ಎಂಬತ್ತು ಕಿಲೋ ತೂಕದ, ಅರೆಪ್ರಜ್ಞೆಯ ಮನುಷ್ಯನನ್ನು ನೋವಾಗದ ಹಾಗೆ ಮಗ್ಗುಲು ಬದಲಿಸುವ ರೋಬೋಟ್ ನಾನು ಇನ್ನೂ ನೋಡಿಲ್ಲ. ಚೆಕರ್ಸ್‌ನಂಥ ಮಣೆಯಾಟ ಆಡುವುದು ಯಂತ್ರಕ್ಕೆ ಸುಲಭ, ಒಂದು ವರ್ಷದ ಮಗುವಿನ ಹಾಗೆ ಕಣ್ಣು ಕೈ ಆಡಿಸುವುದು ಕಷ್ಟ ಅಂತ ಹ್ಯಾನ್ಸ್ ಮೊರಾವೆಕ್ 1980ರ ದಶಕದಲ್ಲೇ ಹೇಳಿದ್ದರಂತೆ. ವಾರ್ಡಿನಲ್ಲಿ ಒಂದು ರಾತ್ರಿ ಇದ್ದರೆ ಯಾರಿಗಾದರೂ ಗೊತ್ತಾಗುತ್ತದೆ, ಅದಕ್ಕೆ ವಿಜ್ಞಾನಿಯೇ ಬೇಕಿಲ್ಲ.

ಆದರೆ ಕೆಲಸ ಕಡಿಮೆಯಾಗಿಲ್ಲ ಅನ್ನುವುದು ಬೇರೆ, ಹಾಗೇ ಇದೆ ಅನ್ನುವುದು ಬೇರೆ. ಪ್ರತಿ ಹಾಸಿಗೆಗೂ ಮಾನಿಟರ್ ಇದೆ, ಪ್ರತಿ ಪಂಪಿಗೂ ಅಲಾರಂ ಇದೆ. ಯಂತ್ರವೇ ನೋಡಿಕೊಳ್ಳುತ್ತದಲ್ಲ ಅಂತ ಒಬ್ಬೊಬ್ಬರಿಗೆ ಹಾಸಿಗೆ ಜಾಸ್ತಿ ಕೊಟ್ಟಿದ್ದಾರೆ. ರಾತ್ರಿಯಿಡೀ ಏನೋ ಒಂದು ಕೂಗುತ್ತಲೇ ಇರುತ್ತದೆ. ಬಹಳಷ್ಟು ಸಲ ಬೆರಳಿನ ಕ್ಲಿಪ್ ಜಾರಿರುತ್ತದೆ, ಅಷ್ಟೇ. ಕೂಗಿದ್ದೆಲ್ಲ ಸುಳ್ಳಾದಾಗ ಕಿವಿ ಮರಗಟ್ಟುತ್ತದೆ. ಒಂದು ದಿನ ನಾನೂ ಮರಗಟ್ಟಿದ ಕಿವಿಯವಳೇ ಆಗಿದ್ದೆ. ಕ್ಲಿಪ್ ಜಾರಿರಬೇಕು ಅಂತ ಎದ್ದು ನಿಧಾನ ಹೋದೆ. ಜಾರಿರಲಿಲ್ಲ. ರೋಗಿ ಉಳಿದರು. ಆ ನಡಿಗೆ ಮಾತ್ರ ಇವತ್ತಿಗೂ ನೆನಪಾಗುತ್ತದೆ.

ಹೊಸ ಹುಡುಗಿಯರು ಮೊದಲು ಪರದೆ ನೋಡುತ್ತಾರೆ, ಆಮೇಲೆ ರೋಗಿಯ ಮುಖ. ನಮಗೆ ಉಲ್ಟಾ ಕಲಿಸಿದ್ದರು. ಟರ್ನರ್ ಸರ್ ಶಬ್ದದ ಬಗ್ಗೆ ಹೇಳಿದಾಗ ಇದೇ ನೆನಪಾಯಿತು.


ಸುಮ್ನೆ ಓದುಗ

ಇಲ್ಲಿವರೆಗೆ ತಮಾಷೆ ಮಾಡುತ್ತಿದ್ದೆ. ನರ್ಸ್ ಮೇಡಂ ಬರೆದದ್ದು ಓದಿ ನಿಲ್ಲಿಸಿದೆ.

ಇದಕ್ಕೆ ಹತ್ತಿರದ್ದು ವಿಮಾನದ ವಿಷಯ. ರಿಯೊ ಡಿ ಜನೈರೊದಿಂದ ಪ್ಯಾರಿಸ್‌ಗೆ ಹೊರಟಿದ್ದ ಏರ್ ಫ್ರಾನ್ಸ್ 447 ವಿಮಾನ 2009ರ ಜೂನ್ 1ರಂದು ಅಟ್ಲಾಂಟಿಕ್‌ಗೆ ಬಿತ್ತು. 228 ಜನ ಸತ್ತರು. ವೇಗ ಅಳೆಯುವ ಪಿಟೋ ಕೊಳವೆಗಳಲ್ಲಿ ಮಂಜು ಕಟ್ಟಿತು, ಅಳತೆ ಹೊಂದಲಿಲ್ಲ, ಆಟೋಪೈಲಟ್ ತಾನೇ ಕೈಬಿಟ್ಟಿತು. ನಡುರಾತ್ರಿ, ಮೋಡದೊಳಗೆ, "ಇನ್ನು ನೀವೇ ಓಡಿಸಿ" ಅಂದ ಹಾಗೆ. ಪೈಲಟ್ ಮೂತಿ ಮೇಲೆತ್ತಿದ, ವಿಮಾನ ತೇಲುವ ಶಕ್ತಿ ಕಳೆದುಕೊಂಡಿತು. ಐದು ನಿಮಿಷವೂ ಹಿಡಿಯಲಿಲ್ಲ. ಅಷ್ಟು ಎತ್ತರದಲ್ಲಿ ಕೈಯಿಂದ ಹಾರಿಸುವ ತರಬೇತಿ ಅವರಿಗೆ ಸಿಕ್ಕಿರಲಿಲ್ಲ ಅಂತ ತನಿಖೆ ಹೇಳಿತು.

ಇದನ್ನು ಲಿಸಾನ್ ಬೇನ್‌ಬ್ರಿಜ್ ಅನ್ನುವ ಮನೋವಿಜ್ಞಾನಿ 1983ರಲ್ಲೇ ಬರೆದಿದ್ದರು. ಸುಲಭದ ಭಾಗವನ್ನೆಲ್ಲ ಯಂತ್ರಕ್ಕೆ ಕೊಟ್ಟರೆ ಮನುಷ್ಯನಿಗೆ ಉಳಿಯುವುದು ಕಷ್ಟದ ಭಾಗ. ಅದನ್ನು ನಿಭಾಯಿಸುವ ಕೈಚಳಕ ಬರುವುದು ದಿನಾ ಸುಲಭದ್ದನ್ನು ಮಾಡಿ ಮಾಡಿ. ಸುಲಭದ್ದು ಅವನ ಕೈಲಿಲ್ಲ. ಜೊತೆಗೆ, ಏನೂ ಆಗದೆ ಗಂಟೆಗಟ್ಟಲೆ ಪರದೆ ನೋಡುತ್ತಾ ಎಚ್ಚರವಾಗಿರುವುದು ಮನುಷ್ಯನಿಂದ ಆಗದ ಕೆಲಸ. ನಾವು ಮನುಷ್ಯನಿಗೆ ಕೊಟ್ಟಿರುವುದು ಅದನ್ನೇ.


ಮುಂದಿನ ನಿಲ್ದಾಣ

ಕ್ಷಮಿಸಿ, ನೀವೆಲ್ಲ ಇವತ್ತಿನ ಯಂತ್ರ ನೋಡಿ ನಾಳೆಯ ಲೆಕ್ಕ ಹಾಕುತ್ತಿದ್ದೀರಿ. ಇವತ್ತು ಯಂತ್ರ ಮಾಡುತ್ತದೆ, ಮನುಷ್ಯ ತಿದ್ದುತ್ತಾನೆ. ನಾಳೆ ತಿದ್ದುವುದೂ ಯಂತ್ರವೇ. ಆಗ ಸೆಟ್ಟರ್ ಎಲ್ಲಿಂದ ಬರುತ್ತಾನೆ ಅನ್ನುವ ಪ್ರಶ್ನೆಯೇ ಇರುವುದಿಲ್ಲ. "ಕಂಪ್ಯೂಟರ್" ಅನ್ನುವುದು ಒಂದು ಕಾಲಕ್ಕೆ ಮನುಷ್ಯರ ಹುದ್ದೆಯ ಹೆಸರಾಗಿತ್ತು, ಕೂತು ಲೆಕ್ಕ ಹಾಕುವವರು. ಈಗ ಯಾರಾದರೂ ಲಾಗ್ ಟೇಬಲ್ ತಿದ್ದುವವರು ಸಾಯುತ್ತಿದ್ದಾರಲ್ಲ ಅಂತ ಅಳುತ್ತೀರಾ? ಕ್ಯಾಲ್ಕುಲೇಟರ್ ತಪ್ಪು ಮಾಡುವುದಿಲ್ಲ, ಮುಗಿಯಿತು.

ಮಗ್ಗದ ಲಾಳಿ ತಾನೇ ನೇಯುವಂತಿದ್ದರೆ ಯಜಮಾನರಿಗೆ ಆಳುಗಳೇ ಬೇಕಾಗುತ್ತಿರಲಿಲ್ಲ ಅಂತ ಅರಿಸ್ಟಾಟಲ್ ಹೇಳಿದ್ದ. ಅವನಿಗೆ ಅದು ಆಗದ ಮಾತು. ನಮಗೆ ಆಗಿದೆ. ಉಳಿದದ್ದೂ ಆಗುತ್ತದೆ. ದುಡಿಮೆ ಅಂತ್ಯವಾಗುವುದು ಒಳ್ಳೆಯದೇ ಅಲ್ವಾ? ಯಾಕೆ ಎಲ್ಲರೂ ಶೋಕದಲ್ಲಿದ್ದೀರಿ?


ಕರಡು ತಿದ್ದುವವಳು

ಶೋಕ ಅಲ್ಲ ಸರ್. ನಾನೇ ಪ್ರಯತ್ನ ಮಾಡಿ ನೋಡಿದೆ. ಒಂದು ಯಂತ್ರದ ಅನುವಾದವನ್ನು ಇನ್ನೊಂದಕ್ಕೆ ಕೊಟ್ಟು ತಪ್ಪು ಹುಡುಕು ಅಂದೆ. ಹದಿನೇಳು ತಪ್ಪು ತೋರಿಸಿತು. ಅದರಲ್ಲಿ ಆರು ನಿಜವಾದ ತಪ್ಪು, ಉಪಕಾರವಾಯಿತು. ಹನ್ನೊಂದು ಸರಿಯಾಗಿದ್ದವು, ಅವನ್ನು ಕೆಡಿಸಿತ್ತು. ಆ "ಬಹುದು" ಹಾಗೇ ಉಳಿದಿತ್ತು. ಈಗ ನಾನು ಮೂರು ಬರಹ ಪಕ್ಕಪಕ್ಕ ಇಟ್ಟುಕೊಂಡು ಕೂತಿದ್ದೇನೆ, ದರ ಮಾತ್ರ ಅದೇ ಅರ್ಧ.

ನಾಳೆ ಇದೂ ಸರಿಹೋಗಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಕ್ಯಾಲ್ಕುಲೇಟರ್ ಉದಾಹರಣೆ ಒಪ್ಪುವುದಿಲ್ಲ. ಕೂಡಿಸಿದ್ದು ಸರಿಯಾ ಅಂತ ಪರೀಕ್ಷಿಸಲು ದಾರಿ ಇದೆ. ಚೀಟಿಯ ಸಾಲು ಓದುವವನಿಗೆ ಹೇಗೆ ಅರ್ಥವಾಗುತ್ತದೆ ಅನ್ನುವುದಕ್ಕೆ ಅಂಥ ದಾರಿ ಇಲ್ಲ. ಇನ್ನೊಂದು, ತಪ್ಪಾದರೆ ಕೆಳಗೆ ಸಹಿ ಯಾರದು? ಈಗ ನನ್ನದು. ಯಂತ್ರ ತಿದ್ದಿ ಯಂತ್ರ ಒಪ್ಪಿದ ಚೀಟಿಗೆ ಸಹಿ ಹಾಕುವವರು ಯಾರಾದರೂ ಬೇಕಲ್ಲ. ಏನೂ ಓದದೆಯೇ ಸಹಿ ಹಾಕುವ ಕೆಲಸ ಉಳಿಯುತ್ತದಾ?


ರಾತ್ರಿ ಪಾಳಿ

ಸಹಿ ಅಂದಿರಿ, ನೆನಪಾಯಿತು. ಎಕ್ಸ್‌ರೇ, ಸ್ಕ್ಯಾನ್ ಓದುವ ರೇಡಿಯಾಲಜಿಸ್ಟ್‌ಗಳ ತರಬೇತಿಯನ್ನು ಈಗಲೇ ನಿಲ್ಲಿಸಬೇಕು ಅಂತ ಎಐ ವಿಜ್ಞಾನಿ ಜೆಫ್ರಿ ಹಿಂಟನ್ 2016ರಲ್ಲಿ ಹೇಳಿದ್ದರು. ಯಂತ್ರ ಅವರನ್ನು ಮೀರಿಸಲು ಐದು ವರ್ಷ ಸಾಕು, ಹೆಚ್ಚೆಂದರೆ ಹತ್ತು ಅಂದಿದ್ದರು. 2024ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂದ ಅದೇ ಹಿಂಟನ್. ಆದರೆ ರೇಡಿಯಾಲಜಿಸ್ಟ್‌ಗಳು ಸಾಲುತ್ತಿಲ್ಲ ಅನ್ನುವ ಕೂಗು ಹಲವು ದೇಶಗಳಲ್ಲಿ ಈಗಲೂ ಇದೆ. ಅವರ ಮಾತು ಕೇಳಿ ತರಬೇತಿ ನಿಲ್ಲಿಸಿದ್ದರೆ ಏನು ಗತಿ? ವೈದ್ಯರನ್ನು ತಯಾರು ಮಾಡಲು ಹತ್ತು ವರ್ಷ ಬೇಕು, ನಿಲ್ಲಿಸಲು ಒಂದು ಸುತ್ತೋಲೆ ಸಾಕು.


ಚೌಕ ಎಳೆಯುವವನು

ಮೊದಲ ಸಲ ಬರೆಯುತ್ತಿದ್ದೇನೆ. ಯಂತ್ರ ತಾನೇ ಕಲಿಯುತ್ತದೆ ಅನ್ನುವವರಿಗೆ ನನ್ನ ಕೆಲಸ ಹೇಳಬೇಕು. ಎಐಗೆ ಗುರುತು ಹಿಡಿಯುವುದನ್ನು ಕಲಿಸಲು ದಿನಕ್ಕೆ ನೂರಾರು ಫೋಟೋ ಬರುತ್ತವೆ. ಮನುಷ್ಯ ಇದ್ದಲ್ಲಿ ಚೌಕ ಎಳೆಯಬೇಕು, ಸೈಕಲ್ ಇದ್ದಲ್ಲಿ ಬೇರೆ ಬಣ್ಣದ ಚೌಕ. ಕಂಬದ ಹಿಂದೆ ಅರ್ಧ ಕಾಣುವ ಮನುಷ್ಯನಿಗೆ ಪೂರ್ತಿ ಚೌಕವಾ ಅರ್ಧವಾ ಅನ್ನುವುದಕ್ಕೆ ನಲವತ್ತು ಪುಟದ ನಿಯಮ ಇದೆ. ಚಿತ್ರಕ್ಕೆ ಇಷ್ಟು ಅಂತ ದುಡ್ಡು. ತಪ್ಪಾದರೆ ಆ ಚಿತ್ರಕ್ಕೆ ದುಡ್ಡಿಲ್ಲ.

1770ರಲ್ಲಿ ವೊಲ್ಫ್‌ಗಾಂಗ್ ಫಾನ್ ಕೆಂಪೆಲೆನ್ ಅನ್ನುವವನು ಚೆಸ್ ಆಡುವ ಗೊಂಬೆ ಮಾಡಿ ರಾಣಿ ಮರಿಯಾ ತೆರೇಸಾಗೆ ತೋರಿಸಿದ. ತುರ್ಕಿಯವನ ವೇಷದ ಗೊಂಬೆ. ದಶಕಗಟ್ಟಲೆ ಜನ ಬೆರಗಾದರು. ಪೆಟ್ಟಿಗೆಯೊಳಗೆ ಒಬ್ಬ ಚೆಸ್ ಆಟಗಾರ ಮುದುರಿ ಕೂತಿರುತ್ತಿದ್ದ. ಅಮೆಜಾನ್ 2005ರಲ್ಲಿ ಇಂಥ ಚಿಲ್ಲರೆ ಕೆಲಸಗಳ ತಾಣ ಶುರು ಮಾಡಿದಾಗ ಇಟ್ಟ ಹೆಸರು ಆ ಗೊಂಬೆಯದೇ, ಮೆಕ್ಯಾನಿಕಲ್ ಟರ್ಕ್. ಕಡೇಪಕ್ಷ ಹೆಸರಲ್ಲಿ ಪ್ರಾಮಾಣಿಕತೆ ಇತ್ತು.

ನಾನು ಪೆಟ್ಟಿಗೆಯೊಳಗಿನವನು. ಒಳಗೆ ಸೆಕೆ, ಅಷ್ಟೇ.


ಮನೆಯೇ ಕಚೇರಿ

ನಿಮ್ಮೆಲ್ಲರ ಮಾತಿನಲ್ಲಿ ಸಂಬಳದ ಕೆಲಸ ಮಾತ್ರ ಕೆಲಸ. ಮನೆಕೆಲಸಕ್ಕೆ ನಾನು ಹುಟ್ಟಿದಾಗಿನಿಂದ ಯಂತ್ರ ಬರುತ್ತಲೇ ಇವೆ. ಅಮೆರಿಕದ ರೂತ್ ಶ್ವಾರ್ಟ್ಜ್ ಕೋವನ್ ಅನ್ನುವ ಇತಿಹಾಸಕಾರ್ತಿ ಇದನ್ನು ಅಧ್ಯಯನ ಮಾಡಿದ್ದಾರೆ. ಒಗೆಯುವ ಯಂತ್ರ ಬಂತು, ಆದರೆ ಬಟ್ಟೆ ಒಗೆಯುವುದು ಕಡಿಮೆಯಾಗಲಿಲ್ಲ. ಮೊದಲು ವಾರಕ್ಕೊಮ್ಮೆ ಒಗೆಯುತ್ತಿದ್ದದ್ದು ಒಂದು ಸಲ ಹಾಕಿದ ಕೂಡಲೇ ಒಗೆಯಬೇಕು ಅಂತಾಯಿತು. ಮೊದಲು ಗಂಡಸರು, ಮಕ್ಕಳು, ಆಳುಗಳು ಹಂಚಿಕೊಳ್ಳುತ್ತಿದ್ದ ಕೆಲಸ ಯಂತ್ರ ಬಂದ ಮೇಲೆ ಒಬ್ಬಳದಾಯಿತು. "ಬಟನ್ ಒತ್ತೋದು ತಾನೇ?"

ಈಗ ಟಿಕೆಟ್, ಬಿಲ್ಲು, ಅರ್ಜಿ, ದೂರು ಎಲ್ಲವೂ ನಾನೇ ಫೋನಿನಲ್ಲಿ ಮಾಡಬೇಕು. ಮೊದಲು ಕೌಂಟರ್‌ನಲ್ಲಿ ಒಬ್ಬರು ಸಂಬಳ ತೆಗೆದುಕೊಂಡು ಮಾಡುತ್ತಿದ್ದರು. ಲಿಫ್ಟ್ ಬಗ್ಗೆ ತಮಾಷೆ ಮಾಡಿದವರು ತಮಾಷೆ ಅಂದುಕೊಂಡೇ ನಿಜ ಹೇಳಿದ್ದಾರೆ.


ಮುಂದಿನ ನಿಲ್ದಾಣ

ಮೇಡಂ ಹೇಳಿದ್ದು ನಿಜ, ಇದನ್ನು ನಾನು ಯೋಚಿಸಿರಲಿಲ್ಲ. ಆದರೂ ವಾರಕ್ಕೆ 15 ಗಂಟೆ ದುಡಿಮೆ ಸಾಕಾಗುತ್ತದೆ ಅಂತ ಅರ್ಥಶಾಸ್ತ್ರಜ್ಞ ಕೇನ್ಸ್ 1930ರಲ್ಲಿ ಬರೆದದ್ದು ಸುಳ್ಳಲ್ಲ ಅಂತಲೇ ನನ್ನ ನಂಬಿಕೆ. ನೂರು ವರ್ಷದ ಗಡುವು ಕೊಟ್ಟಿದ್ದ. ಯಂತ್ರ ತನ್ನ ಪಾಲು ಮಾಡಿದೆ. ಹಂಚುವವರು ಮಾಡಿಲ್ಲ.


ಮೂರನೇ ಬೆಂಚು

ಹಂಚಿದವರೂ ಇದ್ದಾರೆ. ಕೆಲ್ಲಾಗ್ ಕಂಪನಿ 1930ರ ಡಿಸೆಂಬರ್‌ನಲ್ಲಿ ಎಂಟು ಗಂಟೆಯ ಮೂರು ಪಾಳಿ ಬಿಟ್ಟು ಆರು ಗಂಟೆಯ ನಾಲ್ಕು ಪಾಳಿ ಮಾಡಿತು. ಆರ್ಥಿಕ ಕುಸಿತದ ಕಾಲ, ಹೆಚ್ಚು ಜನರಿಗೆ ಕೆಲಸ ಸಿಗಲಿ ಅಂತ. ಕೊನೆಯ ಕೆಲವರು 1985ರವರೆಗೂ ಆರು ಗಂಟೆಯಲ್ಲೇ ಇದ್ದರು. ಉಳಿದವರು ಜಾಸ್ತಿ ದುಡ್ಡಿಗಾಗಿ ಎಂಟಕ್ಕೆ ಮರಳಿದ್ದರು. ಆದ್ದರಿಂದ ದೋಷವೆಲ್ಲ ಮಾಲೀಕರದ್ದೇ ಅನ್ನಲೂ ಆಗುವುದಿಲ್ಲ.

ಆದರೆ ಈ ಚರ್ಚೆ ಹಂಚಿಕೆಗೆ ಹೋದರೆ ಎಲ್ಲರೂ ಕೊನೆಗೆ ಅಲ್ಲೇ ನಿಲ್ಲುತ್ತಾರೆ. ನನಗೆ ಟರ್ನರ್ ಅವರ ಪ್ರಶ್ನೆಯೇ ಬೇಕು. ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ದುಡ್ಡು ಹಂಚಬಹುದು, ಸಮಯ ಹಂಚಬಹುದು. ಟೂಲ್ ಮೊಂಡಾದ ಶಬ್ದ ಕೇಳುವ ಕಿವಿಯನ್ನು ಹೇಗೆ ಹಂಚುವುದು? ಸರ್, ನೀವೇನಾದರೂ ಮಾಡಿದಿರಾ?


ಹಳೇ ಟರ್ನರ್

ಮಾಡಿದೆ. ಹನ್ನೆರಡು ಲೇತ್‌ನಲ್ಲಿ ಒಂದನ್ನು ಮಾರಬೇಡಿ ಅಂತ ಹಟ ಹಿಡಿದು ಮೂಲೆಯಲ್ಲಿ ಇರಿಸಿಕೊಂಡೆ. ಹೊಸದಾಗಿ ಸೇರಿದವರು ಮೊದಲ ಆರು ತಿಂಗಳು ದಿನಾ ಒಂದು ಗಂಟೆ ಅದರ ಮೇಲೆ ಕೈಯಿಂದ ಮಾಡಬೇಕು. ಟೂಲನ್ನು ಗ್ರೈಂಡರ್‌ಗೆ ಹಿಡಿದು ಮಸೆಯುವುದರಿಂದ ಶುರು. ಹುಡುಗರು ಮೊದಲು ಗೊಣಗುತ್ತಿದ್ದರು, ಈ ಮ್ಯೂಸಿಯಂ ಪೀಸ್ ಯಾಕೆ ಅಂತ. ಹಾಳಾದ ಕಬ್ಬಿಣವನ್ನು ತರಬೇತಿ ಖರ್ಚು ಅಂತ ಬರೆಯುತ್ತಿದ್ದೆವು.

ನಾಲ್ಕು ವರ್ಷ ನಡೆಯಿತು. ಆರು ಹುಡುಗರಲ್ಲಿ ಇಬ್ಬರಿಗೆ ಕಿವಿ ಬಂತು. ಒಬ್ಬ ಹುಡುಗ, ಒಬ್ಬಳು ಹುಡುಗಿ. ಹುಡುಗಿಯದು ನನಗಿಂತ ಚುರುಕು. ಆಮೇಲೆ ಹೊಸ ಮ್ಯಾನೇಜರ್ ಬಂದರು. ಈ ಲೇತ್ ನಿಂತಿರುವ ಜಾಗದಲ್ಲಿ ಇನ್ನೊಂದು ಸಿಎನ್‌ಸಿ ಕೂರುತ್ತದೆ ಅಂದರು. ಲೆಕ್ಕದ ಪ್ರಕಾರ ಅವರದ್ದೇ ಸರಿ.


ಕೋಡು ಮೂಡಿದವ

ಆ ಇಬ್ಬರು?


ಹಳೇ ಟರ್ನರ್

ಹುಡುಗ ಹೊರದೇಶಕ್ಕೆ ಹೋದ. ಹುಡುಗಿ ಈಗ ಅಲ್ಲಿ ಸೆಟ್ಟರ್. ತಿಂಗಳಿಗೊಮ್ಮೆ ಫೋನ್ ಮಾಡಿ ಯಂತ್ರದ ಪಕ್ಕ ಹಿಡಿಯುತ್ತಾಳೆ. "ಕೇಳಿ ಸರ್, ಇದು ಬೇರಿಂಗಾ ಟೂಲಾ?" ಫೋನಿನಲ್ಲಿ ಏನೂ ಸರಿಯಾಗಿ ಕೇಳುವುದಿಲ್ಲ. ಆದರೂ ಹೇಳುತ್ತೇನೆ.


ಕರಡು ತಿದ್ದುವವಳು

ಟರ್ನರ್ ಸರ್, ನಿಮ್ಮದು ಓದಿದ ಮೇಲೆ ಒಂದು ಕೆಲಸ ಮಾಡಿದೆ. ಕಲಿಯಬೇಕು ಅಂತ ಬೆನ್ನು ಬಿದ್ದಿದ್ದ ಒಬ್ಬ ಹುಡುಗನಿಗೆ ಯಂತ್ರದ ಅನುವಾದ ಕೊಡದೆ ಬರೀ ಮೂಲ ಕೊಟ್ಟೆ. ಹನ್ನೆರಡು ಪುಟ. ಒಂಬತ್ತು ದಿನ ತೆಗೆದುಕೊಂಡ. ಯಂತ್ರಕ್ಕೆ ಒಂದು ನಿಮಿಷ ಸಾಕು. ನಾನೇ ಮಾಡಿದ್ದರೆ ಒಂದೂವರೆ ದಿನ. ತಪ್ಪು ಲೆಕ್ಕ ಹಾಕುವುದನ್ನು ಎರಡನೇ ಪುಟದಲ್ಲೇ ಬಿಟ್ಟೆ. ದುಡ್ಡು ನನ್ನ ಕೈಯಿಂದಲೇ ಕೊಟ್ಟೆ. ಇಂಥದ್ದನ್ನು ಎಷ್ಟು ದಿನ ಮಾಡಲು ಆಗುತ್ತದೆ, ಗೊತ್ತಿಲ್ಲ.

ಆಮೇಲೆ ಅದೇ ಪುಟಗಳ ಯಂತ್ರದ ಅನುವಾದವನ್ನು ಕೊಟ್ಟು ಓದು ಅಂದೆ. ನಾಲ್ಕನೇ ಪುಟದಲ್ಲಿ ನಿಂತ. "ಮೇಡಂ, ಈ ಸಾಲು ನಾನು ಬರೆಯುವಾಗ ಬಹಳ ಹೊತ್ತು ಕೂತಿದ್ದೆ. ಇಲ್ಲಿ ಇದು ಇಷ್ಟು ಸಲೀಸಾಗಿದೆ. ಎಲ್ಲೋ ಏನೋ ತಪ್ಪಿದೆ" ಅಂದ. ಏನು ತಪ್ಪು ಅಂತ ಅವನಿಗೆ ಹೇಳಲು ಬರಲಿಲ್ಲ. ಮೂಲ ತೆಗೆದು ಇಬ್ಬರೂ ನೋಡಿದೆವು.

ಯಾರಾದರೂ ಕಲಿಯುವವರಿಗೆ ಕೆಲಸ ಕೊಡುವ, ಕಲಿಯುವ ಹೊತ್ತಿಗೂ ದುಡ್ಡು ಕೊಡುವ ಜಾಗ ಗೊತ್ತಿದ್ದರೆ ಇಲ್ಲಿ ಹಾಕಿ. ಅವನಿಗೆ ಮುಂದಿನ ತಿಂಗಳಿಂದ ಬೇಕು.